18 ಅಡಿಯೋ, 24 ಅಡಿಯೋ? ಸೇಂಟ್ ಕ್ಲೇರ್ ದಡದ ಒಂದು ಲೆಕ್ಕಾಚಾರ

ಡೆಟ್ರಾಯಿಟ್ ಸುತ್ತಮುತ್ತ ನೆಲೆಸಿದ ನಮ್ಮವರಲ್ಲಿ, ಮನೆ ಆಯಿತು, ಮಿನಿವ್ಯಾನ್ ಆಯಿತು, ಇನ್ನೊಂದು ದೋಣಿ ಆಗಲಿ ಎಂಬ ಮಾತು ಒಂದಲ್ಲ ಒಂದು ಬೇಸಿಗೆಯಲ್ಲಿ ಬಂದೇ ಬರುತ್ತದೆ. ನಮ್ಮ ಮನೆಯಲ್ಲೂ ಬಂದಿದೆ. ಇನ್ನೆರಡು ಬೇಸಿಗೆ ಕಳೆದರೆ ಮಗಳು ಕಾಲೇಜಿಗೆ ಹೊರಡುತ್ತಾಳೆ; ಕೊಳ್ಳುವುದಾದರೆ ಈಗಲೇ ಎಂದು ನನ್ನವಳ ಹಟ. ಎಷ್ಟು ದೊಡ್ಡದು ಎಂಬುದಷ್ಟೇ ತಕರಾರು.

ಹ್ಯೂರಾನ್ ಮತ್ತು ಈರಿಯ ನಡುವೆ ಇದ್ದರೂ ಸೇಂಟ್ ಕ್ಲೇರ್‌ಗೆ ಮಹಾಸರೋವರಗಳ ಪಂಕ್ತಿಯಲ್ಲಿ ಎಲೆ ಹಾಕಿಲ್ಲ. ವಿಸ್ತೀರ್ಣ ಮಾತ್ರ ಸುಮಾರು 430 ಚದರ ಮೈಲಿ, ಸರಾಸರಿ ಆಳ 11 ಅಡಿ. ಆಳವಿಲ್ಲದ ನೀರು ಸಾಧು ಎಂದುಕೊಳ್ಳಬೇಡಿ. ಗಾಳಿ ಎದ್ದರೆ ಗಿಡ್ಡನೆಯ ಕಡಿದಾದ ಅಲೆಗಳು ಒಂದರ ಬೆನ್ನಿಗೊಂದು ಬರುತ್ತವೆ. ಆಗ 18 ಅಡಿಯ ದೋಣಿಯಲ್ಲಿ ಕೂರುವುದೆಂದರೆ ಮಳೆಗಾಲ ಮುಗಿದ ಮೇಲೆ ಶಿರಾಡಿ ಘಾಟಿಯಲ್ಲಿ ಕೆಂಪು ಬಸ್ಸಿನ ಕೊನೆಯ ಸೀಟು ಸಿಕ್ಕಿದ ಹಾಗೆ! ಮೇಲಾಗಿ, ನಡುವೆ 27 ಅಡಿಗೆ ತೋಡಿದ ಕಾಲುವೆಯಲ್ಲಿ ಸರಕಿನ ಹಡಗುಗಳು ಓಡಾಡುತ್ತವೆ.

24 ಅಡಿಯದು ಭಾರ, ಅಲೆಯನ್ನು ಸೀಳಿಕೊಂಡು ಹೋಗುತ್ತದೆ. ಹಲವು ಮಾದರಿಗಳಲ್ಲಿ ಪುಟ್ಟದೊಂದು ಶೌಚದ ಕೋಣೆಯೂ ಇರುತ್ತದೆ. ನಗಬೇಡಿ. ಆರು ತಿಂಗಳಿಗೆಂದು ಊರಿನಿಂದ ಬಂದಿರುವ ನಮ್ಮ ಅತ್ತೆಯವರು, "ಅದಿಲ್ಲದಿದ್ರೆ ನಾನು ದಡದಲ್ಲೇ ಕೂತಿರ್ತೀನಿ ಅಳಿಯಂದ್ರೆ, ನೀವು ಹೋಗ್ಬನ್ನಿ" ಎಂದುಬಿಟ್ಟಿದ್ದಾರೆ.

ಆದರೆ ಅದನ್ನು ಎಳೆಯುವವರು ಯಾರು? ನಮ್ಮ ಮಿನಿವ್ಯಾನ್ ಎಳೆಯಬಲ್ಲದ್ದು 3,500 ಪೌಂಡ್. ಹಗುರವಾದ 18 ಅಡಿಯ ದೋಣಿ ಟ್ರೇಲರ್, ಇಂಧನ ಸಮೇತ ಅದರೊಳಗೆ ಹೇಗೋ ಹಿಡಿಸುತ್ತದೆ. ದೊಡ್ಡದಕ್ಕೆ ಟ್ರಕ್ ಬೇಕು, ಇಲ್ಲವೇ ಮರೀನಾದಲ್ಲಿ ಬಾಡಿಗೆಯ ಜಾಗ. ಮಿಷಿಗನ್ನಿನಲ್ಲಿ ಬೋಟಿಂಗ್ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಉಳಿದ ತಿಂಗಳು ಪ್ಲಾಸ್ಟಿಕ್ ಹೊದ್ದು ಮಲಗುವ ದೋಣಿಗೂ ವಿಮೆ, ಕಂತು ತಪ್ಪುವುದಿಲ್ಲ. ಇನ್ನೊಂದು ಮಾತು: 20 ಅಡಿಗಿಂತ ಚಿಕ್ಕ ಮೋಟಾರು ದೋಣಿಯಲ್ಲಿ ಎಷ್ಟು ಜನ, ಎಷ್ಟು ತೂಕ ಎಂಬ ಫಲಕ ಇರಲೇಬೇಕೆಂಬುದು ಇಲ್ಲಿನ ಫೆಡರಲ್ ನಿಯಮ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎನ್ನುವ ನಮ್ಮ ಜನಕ್ಕೆ ಹಾಗೊಂದು ಫಲಕ ಕಣ್ಣೆದುರಿಗಿರುವುದು ಒಳ್ಳೆಯದೇ.

ಮಿಷಿಗನ್ನಿನಲ್ಲಿ 1996ರ ಜೂನ್ 30ರ ನಂತರ ಹುಟ್ಟಿದವರು ದೋಣಿ ನಡೆಸಲು ಸುರಕ್ಷತಾ ಸರ್ಟಿಫಿಕೇಟ್ ಪಡೆದಿರಬೇಕು. ಮಗಳು ಆಗಲೇ ಪಡೆದಿದ್ದಾಳೆ. ಚಿಕ್ಕದನ್ನು ರ‍್ಯಾಂಪಿನಿಂದ ನೀರಿಗಿಳಿಸಲು ನಾವಿಬ್ಬರೇ ಸಾಕು. ಚುಕ್ಕಾಣಿ ಅವಳ ಕೈಗೆ ಕೊಟ್ಟು ಪಕ್ಕದಲ್ಲಿ ಕೂರಬಹುದು. ದೊಡ್ಡದಾದರೆ ಅದು ಅಪ್ಪನ ದೋಣಿ, ಅವಳು ಪ್ರಯಾಣಿಕಳು. ಉಳಿದಿರುವುದು ಎರಡೇ ಬೇಸಿಗೆ. ಹಾಗಾಗಿ ನನ್ನ ಓಟು 18 ಅಡಿಗೆ.

ಪಡುವಣ ಗಾಳಿಯಿದ್ದರೆ ನಮ್ಮ ದಡದ ಹತ್ತಿರ ನೀರು ಶಾಂತ. ಮೂಡಣ ಗಾಳಿ ಇಡೀ ಸರೋವರ ದಾಟಿ ಅಲೆ ಬೆಳೆಸಿಕೊಂಡು ಬರುವ ದಿನ ದೋಣಿ ಮನೆಯಲ್ಲೇ. ಅತ್ತೆಯವರಿಗೆ ಹತ್ತಿರದ ಯಾವುದಾದರೂ ಸಣ್ಣ ಕೆರೆಯಲ್ಲಿ ಅರ್ಧ ಗಂಟೆಯ ಸುತ್ತು, ದಡಕ್ಕೆ ಬಂದ ಮೇಲೆ ಚಿತ್ರಾನ್ನ. ಅದಕ್ಕೆ ಅವರು ಒಪ್ಪಿದ್ದಾರೆ. ಯಜಮಾನಿ ಇನ್ನೂ ಒಪ್ಪಿಲ್ಲ.