ಮೊಣಕಾಲೆತ್ತರದ ಯುರೋಪು

ಒಂದೂವರೆ ವರ್ಷದ ಮಗುವನ್ನು ಎತ್ತಿಕೊಂಡು ಯುರೋಪಿಗೆ ಹೊರಡುತ್ತೇವೆ ಎಂದವರಿಗೆ ಮನೆಯ ಹಿರಿಯರಿಂದ ಸಿಗುವ ಮೊದಲ ಉತ್ತರ ಹೆಚ್ಚುಕಡಿಮೆ ಒಂದೇ: “ಅದಕ್ಕೇನು ತಿಳಿಯತ್ತೆ ಪಾಪ, ಇನ್ನೊಂದೈದು ವರ್ಷ ಕಳೀಲಿ ಬಿಡಿ.” ಈ ಮಾತಿನ ಒಳಗೊಂದು ಲೆಕ್ಕ ಕೂತಿದೆ. ಪ್ರವಾಸವೆಂದರೆ ಕಂಡದ್ದನ್ನು ನೆನಪಿಗೆ ತುಂಬಿಕೊಂಡು ಬರುವುದು, ನೆನಪು ಗಟ್ಟಿಯಾಗದವರ ಖರ್ಚು ನೀರಿಗೆ ಹಾಕಿದ ಹುಣಿಸೆಹಣ್ಣು, ಎಂಬ ಲೆಕ್ಕ. ನನ್ನ ವಾದ ಇದಕ್ಕೆ ತಿರುಗಾಮುರುಗಾ. ಯುರೋಪಿನ ಊರುಗಳನ್ನು ಸವಿಯುವುದೂ ಒಂದು ಕಸುಬೇ ಆದರೆ, ಆಗತಾನೇ ಹೆಜ್ಜೆಯಿಡಲು ಕಲಿತ ಮಗುವಿಗಿಂತ ಒಳ್ಳೆಯ ಗುರು ಸಿಗುವುದು ಕಷ್ಟ. ಷರತ್ತು ಒಂದೇ: ಅದನ್ನು ನಮ್ಮ ಹಿಂದೆ ಎಳೆದುಕೊಂಡು ಹೋಗಬಾರದು, ನಾವು ಅದರ ಹಿಂದೆ ಹೋಗಬೇಕು. ಹನ್ನೆರಡು ದಿನದಲ್ಲಿ ಎಂಟು ದೇಶ ಮುಗಿಸುವ ಪ್ಯಾಕೇಜ್ ಟೂರಿನವರಿಗೆ ಇದು ಹಿಡಿಸಲಾರದು. ಅವರಿಗೆ ನಾನು ಹೇಳುತ್ತಲೂ ಇಲ್ಲ.

ಗಡಿಯಾರದಿಂದಲೇ ಶುರುಮಾಡೋಣ. ಬೇಸಿಗೆಯಲ್ಲಿ ರೋಮಿನ ಹೊತ್ತು ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದೆ. ಬೆಂಗಳೂರಿನಲ್ಲಿ ಏಳಕ್ಕೆ ಏಳುವ ಮಗು ಅಲ್ಲಿ ಮೊದಲ ಕೆಲವು ದಿನ ನಡುರಾತ್ರಿ ಕಳೆದು ಮೂರೂವರೆಗೇ ಕಣ್ಣರಳಿಸಿ ಕೂರುತ್ತದೆ. ಅದಕ್ಕೆ ಬುದ್ಧಿ ಹೇಳಿ ಮಲಗಿಸುವ ಕಲೆ ಇನ್ನೂ ಹುಟ್ಟಿಲ್ಲ. ಆದರೆ ಐದೂವರೆಗೆ ಬೆಳಕು ಹರಿಯುತ್ತಲೇ ತಳ್ಳುಗಾಡಿ ಹೊರಡಿಸಿದವರಿಗೆ ಟ್ರೆವಿ ಕಾರಂಜಿ ತನ್ನ ಸದ್ದಿನ ಸಮೇತ ಸಿಗುತ್ತದೆ. ಹತ್ತು ಗಂಟೆಗೆ ಹೋದವರಿಗೆ ಸಿಗುವುದು ಬೆನ್ನುಗಳು ಮತ್ತು ಎತ್ತಿ ಹಿಡಿದ ಮೊಬೈಲುಗಳು. ಸಂಜೆ ಮಾತ್ರ ಕೈತಪ್ಪಿತೆಂದೇ ತಿಳಿಯಬೇಕು. ಸ್ಪೇನಿನಲ್ಲಿ ರಾತ್ರಿಯೂಟದ ಹೊತ್ತು ಬರುವುದೇ ಎಂಟೂವರೆ, ಒಂಬತ್ತಕ್ಕೆ. ಅಷ್ಟರಲ್ಲಿ ಮಗು ಒಂದು ನಿದ್ದೆ ಮುಗಿಸಿರುತ್ತದೆ. ಆಮ್‌ಸ್ಟರ್‌ಡಾಮಿನಲ್ಲಿ ಜೂನ್ ತಿಂಗಳ ಸೂರ್ಯ ಹತ್ತರವರೆಗೂ ಹೋಗುವುದಿಲ್ಲವಾದ್ದರಿಂದ, ಕಿಟಕಿಗೆ ಇದ್ದಬದ್ದ ಹೊದಿಕೆಯನ್ನೆಲ್ಲ ಸಿಕ್ಕಿಸಿ ರಾತ್ರಿಯನ್ನು ಕೈಯಾರೆ ತಯಾರಿಸಬೇಕಾಗುತ್ತದೆ.

ಇನ್ನು ನೋಡುವುದರ ಮಾತು. ನಡೆಯಲು ಕಲಿಯುತ್ತಿರುವ ಮಗು ಗಂಟೆಗೆ ಅರ್ಧ ಕಿಲೋಮೀಟರ್ ಸಾಗಿದರೆ ಹೆಚ್ಚು. ಗೋಪುರ ಅದರ ಕಣ್ಣಿಗೆ ಬೀಳುವುದಿಲ್ಲ. ಮೆಟ್ಟಿಲು, ಚರಂಡಿಯ ಜಾಲರಿ, ಕಲ್ಲುಹಾಸಿನ ಸಂದು, ಪಾರಿವಾಳ ಬೀಳುತ್ತವೆ. ಯುರೋಪಿನ ಎಷ್ಟೋ ಊರುಗಳಲ್ಲಿ ಈ ಮೊಣಕಾಲೆತ್ತರದಲ್ಲಿ ನೋಡಬೇಕಾದ್ದು ದಂಡಿಯಾಗಿದೆ ಎಂಬುದೇ ನನ್ನ ವಾದದ ಬಲ. ಆ ಜನ ಹುಟ್ಟಾ ಮಕ್ಕಳಪ್ರಿಯರು ಎಂದು ಇದರ ಅರ್ಥವಲ್ಲ. ಸ್ವಿಟ್ಜರ್ಲೆಂಡಿನ ಬರ್ನ್ ಊರಿನ ನಟ್ಟನಡುವೆ 1540ರ ದಶಕದ ಕಾರಂಜಿಯೊಂದಿದೆ; ಅದರ ಕಂಬದ ಮೇಲೆ ಕೂತ ರಾಕ್ಷಸ ಒಂದು ಮಗುವನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಾನೆ, ಮುಂದಿನ ತುತ್ತುಗಳು ಚೀಲದಲ್ಲಿ ಕಾಯುತ್ತಿವೆ. ನಮ್ಮ ಗುಮ್ಮ ಇದರ ಮುಂದೆ ಸಾಧು. ಮಕ್ಕಳಿಗೆ ಊರಿನಲ್ಲಿ ಜಾಗ ಸಿಕ್ಕಿದ್ದು ಬಹಳ ತಡವಾಗಿ, ಅದೂ ಕೆಲವರು ಪಟ್ಟುಹಿಡಿದು ದುಡಿದದ್ದರಿಂದ. ಆಮ್‌ಸ್ಟರ್‌ಡಾಮಿನ ಉದಾಹರಣೆ ನನಗೆ ಎಲ್ಲಕ್ಕಿಂತ ಪ್ರಿಯ. ಯುದ್ಧ ಮುಗಿದು ಊರು ಬಡವಾಗಿದ್ದ ಕಾಲ; 1947ರಲ್ಲಿ, ಇನ್ನೂ ಮೂವತ್ತು ದಾಟದ ಆಲ್ಡೊ ವಾನ್ ಐಕ್ ಎಂಬ ವಾಸ್ತುಶಿಲ್ಪಿ ಬೆರ್ಟೆಲ್ಮನ್‌ಪ್ಲೈನ್ ಎಂಬ ಚೌಕದಲ್ಲಿ ನಗರಾಡಳಿತಕ್ಕಾಗಿ ಒಂದು ಆಟದ ಜಾಗ ರೂಪಿಸಿದ. ಒಂದು ಮರಳಗುಂಡಿ, ಲಾಗ ಹಾಕಲು ಕೆಲವು ಕಂಬಿಗಳು, ಅಷ್ಟೆ. ಬಳಿಕ ಮೂವತ್ತು ವರ್ಷದಲ್ಲಿ ಇಂಥವು ಏಳುನೂರಕ್ಕೂ ಹೆಚ್ಚಾದವು: ಮನೆ ಬಿದ್ದು ಖಾಲಿಯಾದ ನಿವೇಶನ, ರಸ್ತೆಯ ಅಗಲ ಮೂಲೆ, ಎಲ್ಲಿ ಸಂದು ಸಿಕ್ಕರೆ ಅಲ್ಲಿ. ಬೇಲಿಯಿಲ್ಲ. ಆನೆ, ಒಂಟೆಯ ಆಕಾರದ ಆಟಿಕೆಗಳಿಲ್ಲ. ಕುಪ್ಪಳಿಸಲು ತಗ್ಗಾದ ಕಾಂಕ್ರೀಟ್ ಗುಂಡುಗಳು, ಹತ್ತಲು ಕಮಾನು. ಅದು ಬೆಟ್ಟವೋ ಮನೆಯೋ ಎಂಬುದು ಮಗುವಿಗೆ ಬಿಟ್ಟದ್ದು. ಮರಳಗುಂಡಿಯ ಅಂಚು ಮಾತ್ರ ಅಗಲ. ಮಕ್ಕಳಿಗೆ ಅದು ಮರಳಿನ ಕಡುಬು ತಟ್ಟುವ ಮಣೆ, ದೊಡ್ಡವರಿಗೆ ಕೂರುವ ಜಗಲಿ. ಇವುಗಳಲ್ಲಿ ಬಹುಪಾಲು ಇಂದು ಅಳಿದಿವೆಯಾದರೂ, ಓಣಿಗೊಂದು ಆಟದ ಜಾಗ ಇರಬೇಕೆಂಬ ಹಟ ಅಳಿದಿಲ್ಲ.

ಲಕ್ಷಗಟ್ಟಲೆ ಸುರಿದು ಹೋಗಿ ಮರಳಗುಂಡಿ ನೋಡಬೇಕೆ ಎಂದು ಕೇಳಬಹುದು. ನೋಡಬೇಕು, ಏಕೆಂದರೆ ಪ್ರವಾಸಿಗೆ ಯುರೋಪಿನಲ್ಲಿ ಸಿಗದಿರುವುದು ಯುರೋಪಿನವರೇ. ಪ್ರೇಕ್ಷಣೀಯ ಸ್ಥಳದಲ್ಲಿ ಸಿಗುವವರು ನಮ್ಮಂತೆಯೇ ನಕಾಶೆ ಹಿಡಿದು ಬಂದವರು. ಸಂಜೆ ನಾಲ್ಕರ ಆಟದ ಜಾಗಕ್ಕೆ ಬರುವವರು ಆ ಓಣಿಯವರು: ಬ್ರೆಡ್ಡಿನ ಚೀಲ ಹಿಡಿದ ಅಜ್ಜ, ಸೈಕಲ್ಲಿನ ಮುಂದಿನ ಪೆಟ್ಟಿಗೆಯಿಂದ ಇಬ್ಬರನ್ನು ಇಳಿಸುವ ತಾಯಿ. ಒಂದೇ ಬಕೆಟ್ಟಿಗೆ ಇಬ್ಬರು ಮಕ್ಕಳು ಕೈಹಾಕಿದರೆ ಸಾಕು, ಎರಡೂ ಕಡೆಯ ದೊಡ್ಡವರು ಮಾತಾಡಲೇಬೇಕಾಗುತ್ತದೆ. ಎಷ್ಟು ತಿಂಗಳು, ರಾತ್ರಿ ಮಲಗುತ್ತದೆಯೇ ಎಂದು ಕೇಳಲು ವ್ಯಾಕರಣ ಬೇಕಿಲ್ಲ.

ಎಲ್ಲವೂ ಹೂವಿನ ಹಾಸಿಗೆ ಎಂದರೆ ಸುಳ್ಳಾದೀತು. ವೆನಿಸ್ಸಿನಲ್ಲಿ ಸೇತುವೆಗಳೇ ನಾಲ್ಕುನೂರಕ್ಕೂ ಹೆಚ್ಚು, ಮೆಟ್ಟಿಲಿಲ್ಲದವು ಅಪರೂಪ. ಪ್ಯಾರಿಸ್ಸಿನ ಮೆಟ್ರೊ 1900ರ ಮುದುಕಿ. ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇರುವುದು 1998ರಲ್ಲಿ ಶುರುವಾದ 14ನೇ ಮಾರ್ಗದಲ್ಲಷ್ಟೆ. ತಳ್ಳುಗಾಡಿ ಸೋತಲ್ಲಿ ಸೊಂಟವೇ ಗತಿ, ಅದು ನಮಗೆ ಹೊಸ ವಿದ್ಯೆಯೇನಲ್ಲ. ಆದರೆ ಕೂಸುಳ್ಳವರನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ವ್ಯವಸ್ಥೆಯೂ ಅದೇ ಖಂಡದಲ್ಲಿದೆ. ಸ್ವಿಸ್ ರೈಲ್ವೆಯ ಎರಡಂತಸ್ತಿನ ಇಂಟರ್‌ಸಿಟಿ ಗಾಡಿಗಳ ಕುಟುಂಬದ ಬೋಗಿಯಲ್ಲಿ ಮೇಲಂತಸ್ತೇ ಆಟದ ಜಾಗ, ಜಾರುಬಂಡೆ ಸಮೇತ. ಜರ್ಮನಿಯ ವೇಗದ ರೈಲುಗಳಲ್ಲಿ ಪುಟ್ಟ ಮಕ್ಕಳಿರುವವರಿಗೆಂದೇ ಕೋಣೆಗಳಿವೆ, ಅಳು ಹೊರಗಿನವರ ನಿದ್ದೆ ಕೆಡಿಸದಂತೆ. ಹೆಲ್ಸಿಂಕಿಯಲ್ಲಿ ತಳ್ಳುಗಾಡಿಯಲ್ಲಿ ಮಗುವನ್ನು ಕರೆತಂದವರಿಗೆ ಬಸ್ಸು, ಟ್ರಾಮಿಗೆ ಟಿಕೆಟ್ಟೇ ಇಲ್ಲ. ಕಾಗದಪತ್ರದ ಗೋಳೂ ಹೇಳುವಷ್ಟಿಲ್ಲ: ನಮ್ಮ ಕೂಸಿಗೂ ಬೇರೆ ಪಾಸ್‌ಪೋರ್ಟು, ಬೇರೆ ಷೆಂಗೆನ್ ವೀಸಾ ಬೇಕೇ ಬೇಕು, ಆದರೆ ಆರು ವರ್ಷದೊಳಗೆ ಶುಲ್ಕವಿಲ್ಲ, ಹನ್ನೆರಡರೊಳಗೆ ಬೆರಳಚ್ಚಿಲ್ಲ. ಊಟದ ವಿಷಯದಲ್ಲಿ ಒಂದೇ ಎಚ್ಚರ. ಮೊಹರು ಒಡೆಯದ ಹಾಲಿನ ಪುಡಿ, ಮಕ್ಕಳ ಆಹಾರ ತಲೆಗೆ ಎರಡು ಕಿಲೋವರೆಗೆ ಒಯ್ಯಬಹುದು. ಅಜ್ಜಿ ಕಾಯಿಸಿ ಕೊಟ್ಟ ತುಪ್ಪ ಹಾಲಿನ ಪದಾರ್ಥವಾದ್ದರಿಂದ ಐರೋಪ್ಯ ಒಕ್ಕೂಟದ ಗಡಿ ದಾಟುವಂತಿಲ್ಲ. ರಾಗಿ ಸರಿಗೆ ಅಲ್ಲಿಯ ಬೆಣ್ಣೆಯೇ ಆದೀತು.

ಉಳಿದದ್ದು ನೆನಪಿನ ಆಕ್ಷೇಪ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮಗುವಿಗೆ ಏನೂ ನೆನಪಿರುವುದಿಲ್ಲ, ಮಗುವಿಗಾಗಿಯೇ ಹೋಗುವುದಾದರೆ ಲಾಲ್‌ಬಾಗಿನ ಬಂಡೆ ಧಾರಾಳ ಸಾಕು. ಯುರೋಪು ಬೇಕಾಗಿರುವುದು ದೊಡ್ಡವರಿಗೆ, ಅದನ್ನು ನಿಧಾನ ಮಾಡಿಕೊಡಲು ಮಗು ಬೇಕು. ವಿಯೆನ್ನಾದ ಕಲಾ ಇತಿಹಾಸ ಸಂಗ್ರಹಾಲಯವನ್ನೇ ತೆಗೆದುಕೊಳ್ಳಿ. ಹತ್ತೊಂಬತ್ತರೊಳಗಿನವರಿಗೆ ಪ್ರವೇಶ ಉಚಿತ. ಜೊತೆಗೆ ಬಂದ ದೊಡ್ಡವರಿಗೆ ಆ ಮಗು ಕೊಡುವ ಕಾಲಾವಕಾಶ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಒಂದೇ ಚಿತ್ರ ನೋಡಲು ಸಾಧ್ಯವಾದ್ದರಿಂದ ಪೀಟರ್ ಬ್ರೂಗೆಲ್ 1560ರಲ್ಲಿ ಬರೆದ ‘ಮಕ್ಕಳ ಆಟಗಳು’ ಎಂಬುದರ ಮುಂದೆ ನಿಲ್ಲುವುದು ಲೇಸು. ಒಂದು ಊರಿನ ಬೀದಿ ತುಂಬ ಇನ್ನೂರಕ್ಕೂ ಹೆಚ್ಚು ಮಕ್ಕಳು, ಎಂಬತ್ತರಷ್ಟು ಆಟ. ಬುಗುರಿ, ಮರಗಾಲು, ಬಳೆ ಉರುಳಿಸುವುದು, ಬೆನ್ನು ಬಗ್ಗಿಸಿ ನಿಂತವರ ಮೇಲೆ ಹಾರುವುದು, ಗಜ್ಜುಗದಂತೆ ಮೂಳೆಯ ತುಂಡು ಎಸೆದಾಡುವುದು: ನಮ್ಮ ಹಳ್ಳಿಯಲ್ಲಿ ಬೆಳೆದವರು ಅರ್ಧಕ್ಕರ್ಧ ಗುರುತು ಹಿಡಿಯಬಲ್ಲರು. ಮಕ್ಕಳ ಮುಖಗಳು ಮಾತ್ರ ದೊಡ್ಡವರ ಹಾಗೆ ಗಂಭೀರ. ಒಬ್ಬರೂ ನಗುತ್ತಿರುವಂತೆ ಕಾಣುವುದಿಲ್ಲ, ಆಟ ಅವರಿಗೆ ಕಚೇರಿ ಕೆಲಸದಷ್ಟೇ ಮುಖ್ಯ. ಇದನ್ನೆಲ್ಲ ದೊಡ್ಡವರು ಒಂದೊಂದಾಗಿ ಎಣಿಸುತ್ತಿರುವಾಗ, ಮಗು ಚಿತ್ರದ ಕಡೆ ತಿರುಗಿಯೂ ನೋಡದೆ, ಅಷ್ಟೇ ಗಂಭೀರ ಮುಖ ಮಾಡಿ ಬಾಗಿಲಲ್ಲಿ ನಿಂತ ಕಾವಲುಗಾರನ ಬೂಟಿನ ಲಾಡಿ ಬಿಚ್ಚಲು ಹೊರಟಿರುತ್ತದೆ.