ಶ್ರಾವಣಕ್ಕೆ ಬಿಡುಗಡೆ

ಕೆಲಸ ಬಿಟ್ಟು ಕ್ಯಾಮೆರಾ ಹಿಡಿಯುತ್ತೇನೆ ಅಂದವನಿಗೆ ಬೆಂಗಳೂರಿನಲ್ಲಿ ಎಲ್ಲರೂ ಹೇಳುವ ಹೆಸರು ಕಲ್ಯಾಣ್ ವರ್ಮ ಅವರದು. 2004ರಲ್ಲಿ ಯಾಹೂ ಕೆಲಸ ಬಿಟ್ಟರು, ಡೇವಿಡ್ ಅಟೆನ್‌ಬರೋ ದನಿ ಕೊಟ್ಟ ‘ವೈಲ್ಡ್ ಕರ್ನಾಟಕ’ ಮಾಡಿದರು ಎಂದು ಎರಡೇ ಮಾತಿನಲ್ಲಿ ಕಥೆ ಮುಗಿಸುತ್ತಾರೆ. ಆ ಚಿತ್ರ ಥಿಯೇಟರಿಗೆ ಬಂದದ್ದು 2020ರ ಜನವರಿಯಲ್ಲಿ. ನಡುವಿನ ಅಷ್ಟೂ ವರ್ಷ, ಅದರಲ್ಲೂ ಬಿಳಿಗಿರಿರಂಗನ ಬೆಟ್ಟದಲ್ಲಿದ್ದು ಅವರು ಕಾಡು ಕಲಿತ ಕಾಲ, ಯಾರ ಬಾಯಲ್ಲೂ ಬರುವುದಿಲ್ಲ. ನನಗೆ ಬೇಕಾಗಿದ್ದು ಆ ನಡುವಿನ ಬದುಕಿನ ಲೆಕ್ಕವೇ.

ನಮ್ಮ ಮನೆ ಯಲಹಂಕ ನ್ಯೂಟೌನಿನಲ್ಲಿ. ಕೆಲಸ ನಾಗವಾರದ ಟೆಕ್ ಪಾರ್ಕಿನಲ್ಲಿ. ಸಂಬಳ ಬಂದ ವಾರದಲ್ಲೇ ಮನೆ ಸಾಲದ ಕಂತು. ಭಾನುವಾರ ಬೆಳಗ್ಗೆ ಮಾತ್ರ ಪುಟ್ಟೇನಹಳ್ಳಿ ಕೆರೆ. 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾದ ಈ ಕೆರೆಯಲ್ಲಿ ಹಾವಕ್ಕಿ ಒದ್ದೆ ರೆಕ್ಕೆ ಹರಡಿ ಕೂತರೆ ನನಗೆ ಹೊತ್ತಿನ ಪರಿವೆ ಇರುವುದಿಲ್ಲ. ಆದರೆ ಹಾವಕ್ಕಿಯ ಚಿತ್ರಕ್ಕೆ ಯಾರು ದುಡ್ಡು ಕೊಡುತ್ತಾರೆ? ದುಡ್ಡಿರುವುದು ಬಳ್ಳಾರಿ ರಸ್ತೆಯ ಕಲ್ಯಾಣ ಮಂಟಪಗಳಲ್ಲಿ. ಹಕ್ಕಿಗಾಗಿ ಕೆಲಸ ಬಿಟ್ಟು ಮದುವೆಗೆ ಹೋಗಿ ನಿಲ್ಲುವುದಾದರೆ ಬಿಡುವುದೇಕೆ?

ಮೈಸೂರಿನ ಟಿ.ಎಸ್. ಸತ್ಯನ್ ನೆನಪಾದದ್ದು ಆಗ. ಪತ್ರಿಕೆಯ ನೌಕರಿ ಬಿಟ್ಟು ಸ್ವತಂತ್ರವಾಗಿ ಚಿತ್ರ ತೆಗೆದು ಬದುಕಿದವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ಅವರ ಚಿತ್ರಗಳನ್ನು ವಿಶ್ವಸಂಸ್ಥೆಯಲ್ಲಿ ಪ್ರದರ್ಶಿಸಿತು. ಆಡುವ, ದುಡಿಯುವ, ಹಸಿದ ಮಕ್ಕಳು. ಕೆಲಸ ವಹಿಸಿದವರು ಯಾರೇ ಇರಲಿ, ನೋಡುವ ಕಣ್ಣನ್ನು ಅವರು ಯಾರಿಗೂ ಒಪ್ಪಿಸಲಿಲ್ಲ. ಹಾಗಾದರೆ ನಾನು ಕೇಳಿಕೊಳ್ಳಬೇಕಾದದ್ದು ಧೈರ್ಯ ಇದೆಯೇ ಎಂದಲ್ಲ; ಬೇರೆಯವರು ಕೇಳಿದ ಚಿತ್ರವನ್ನೂ ಮನಸ್ಸಿಟ್ಟು ತೆಗೆಯಬಲ್ಲೆನೇ ಎಂದು.

ಪರಿಚಯದ ಫೋಟೋಗ್ರಾಫರ್ ಒಬ್ಬರ ಜೊತೆ ಶನಿವಾರ, ಭಾನುವಾರದ ಮದುವೆಗಳಿಗೆ ಹೋಗತೊಡಗಿದೆ. ಧಾರೆಯ ಹೊತ್ತಿಗೆ ಪುರೋಹಿತರ ಮಗ್ಗುಲಲ್ಲಿ ಮಂಡಿಯೂರಿ ಜಾಗ ಹಿಡಿಯಬೇಕು. ಗಟ್ಟಿಮೇಳ ಶುರುವಾದರೆ ಮತ್ತೊಮ್ಮೆ ಮಾಡಿ ಅನ್ನುವಂತಿಲ್ಲ. ಹೆಸರಘಟ್ಟ ಕಡೆಯ ಒಂದು ಮದುವೆಯಲ್ಲಿ ಹುಡುಗಿಯ ತಾಯಿ ಧಾರೆ ಎರೆಯುತ್ತಿದ್ದರು. ತೆಂಗಿನಕಾಯಿಯ ಮೇಲೆ ಬೀಳಬೇಕಾದ ಹಾಲು ಕೈ ನಡುಗಿ ಮಗಳ ಬಳೆಗಳ ಮೇಲೆ ಬಿತ್ತು. ಮಗಳು ತಲೆಯೆತ್ತಿ ಅಮ್ಮನ ಮುಖ ನೋಡಿದಳು. ನಾನು ಕ್ಲಿಕ್ ಮಾಡಿದೆ. ಕೆರೆ ದಂಡೆಯಲ್ಲಿ ಉಸಿರು ಹಿಡಿದು ಕಾಯುವಾಗಿನ ಏಕಾಗ್ರತೆಯೇ ಇಲ್ಲಿಯೂ ಇತ್ತು. ಆಮೇಲಿನ ಆಲ್ಬಮ್ ಕೆಲಸದಲ್ಲಿ ಕಂಪ್ಯೂಟರ್ ಮುಂದೆ ಕೂತು ಬೆನ್ನು ನೋಯುವುದು ಆಫೀಸಿನಲ್ಲಿ ಇದ್ದದ್ದೇ. ಆ ಚಿತ್ರಕ್ಕಾಗಿ ನೋಯಲಿ ಅನ್ನಿಸಿತು.

ಕೆಲಸ ಬಿಡುತ್ತೇನೆ ಎಂದು ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಗೋಡೆಯ ಪಂಚಾಂಗದ ಕ್ಯಾಲೆಂಡರ್ ಇಳಿಸಿಕೊಂಡು ಕೂತಳು.

“ನೋಟಿಸ್ ಪೀರಿಯಡ್ ಮೂರು ತಿಂಗಳಲ್ವೇನ್ರೀ? ವೈಶಾಖದಲ್ಲಿ ಬರೆದುಕೊಡಿ. ಆಷಾಢದಲ್ಲಿ ಹೇಗೂ ಮದುವೆ ಇರಲ್ಲ, ಆ ತಿಂಗಳ ಸಂಬಳಾನೂ ಬಂದಿರತ್ತೆ. ಶ್ರಾವಣದಿಂದ ಶುರು ಮಾಡಿ.”