ಸುಮ್ಮಸುಮ್ಮನೆ ಆಫ್ ಆಗುವುದಿಲ್ಲ

ಹಲ್ಲುನೋವಿನವರು ದಂತವೈದ್ಯರ ಬಾಗಿಲಿಗೆ ಬಂದ ಕೂಡಲೇ ನೋವು ಮಾಯವಾಗುವುದುಂಟು. ಕೆಲವು ಯಂತ್ರಗಳ ಸ್ವಭಾವವೂ ಹಾಗೆಯೇ. ಮನೆಯಲ್ಲಿ ದಿನಕ್ಕೆ ಮೂರು ಸಲ ತಾನಾಗಿ ಆಫ್ ಆಗುವ ಕಂಪ್ಯೂಟರು ರಿಪೇರಿ ಅಂಗಡಿಯ ಮೇಜಿನ ಮೇಲೆ ಸಾಧುವಿನಂತೆ ಕೂತು ಕೆಲಸ ಮಾಡುತ್ತದೆ. ಪೂರ್ತಿ ಕೆಟ್ಟ ಯಂತ್ರವನ್ನು ಸರಿಪಡಿಸಬಹುದು. ಆಗಾಗ ಕೆಡುವ ಯಂತ್ರವೇ ತಲೆನೋವು. ಇಂಥ ಕಡೆ ನಮಗೆ ಎರಡು ಸುಲಭದ ದಾರಿಗಳಿವೆ. ಒಂದು, ಹಣೆಬರಹವೆಂದು ಕೈಚೆಲ್ಲುವುದು. ಇನ್ನೊಂದು, ಹತ್ತಿರ ಯಾರಿದ್ದಾರೋ ಅವರ ಮೇಲೆ ತಪ್ಪು ಹೊರಿಸುವುದು.

ದಾವಣಗೆರೆಯ ಟೈಲರ್ ಒಬ್ಬರ ಮನೆಯಲ್ಲಿ ಎರಡನೆಯದೇ ನಡೆಯಿತು. ಮಗಳ ಓದಿಗೆಂದು ಅವರು ಕಚೇರಿಯೊಂದು ಹರಾಜಿಗೆ ಹಾಕಿದ್ದ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ಕೊಂಡು ತಂದಿದ್ದರು. ಇರುವುದು ಒಂದೇ ಹಜಾರ. ಒಂದು ಮೂಲೆಯಲ್ಲಿ ಹೊಲಿಗೆ ಮಿಷನ್ನು, ಪಕ್ಕದಲ್ಲಿ ಓವರ್‌ಲಾಕ್ ಮಿಷನ್ನು, ಅದರ ಮಗ್ಗುಲಲ್ಲೇ ಕಂಪ್ಯೂಟರಿನ ಮೇಜು. ಕ್ಯಾಬಿನೆಟ್ಟು ನೆಲದ ಮೇಲೆ. ಎರಡು ವರ್ಷ ಎಲ್ಲವೂ ಸರಿಯಾಗಿತ್ತು. ಮಗಳ ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದು ಸಿಇಟಿಗೆ ಇನ್ನು ಮೂರೇ ವಾರ ಎನ್ನುವಾಗ ಕಂಪ್ಯೂಟರು ಇದ್ದಕ್ಕಿದ್ದಂತೆ ಆಫ್ ಆಗತೊಡಗಿತು. ಸೂಚನೆಯಿಲ್ಲ, ಪರದೆಯ ಮೇಲೆ ಸಂದೇಶವಿಲ್ಲ. ದೀಪ ಊದಿದಂತೆ ಆರಿಹೋಗುತ್ತಿತ್ತು.

ಪಾಠದ ಪಿಡಿಎಫ್ ಓದುವಾಗ ಆಗದ್ದು ವಿಡಿಯೋ ಹಾಕಿದಾಗ ಆಗುತ್ತದೆಂಬುದನ್ನು ಮೊದಲು ಗಮನಿಸಿದವರು ತಂದೆ.

‘ಓದೋವಾಗ ಯಾಕ ಆಫ್ ಆಗಲ್ಲ? ನೀ ಏನೇನೋ ಹಾಕಿ ನೋಡ್ತಿ, ಅದಕ್ಕೇ ಕೆಟ್ಟೈತಿ’ ಎಂದರು.

‘ಪಾಠದ ವಿಡಿಯೋನೇ ಅಪ್ಪಾಜಿ’ ಎಂದಳು ಮಗಳು. ನಂಬಿಕೆ ಹುಟ್ಟಲಿಲ್ಲ. ಅಂಗಡಿಗೆ ಒಯ್ದರೆ ಅಲ್ಲಿ ಅರ್ಧ ಗಂಟೆ ಸರಿಯಾಗಿ ನಡೆಯಿತು. ಅಂಗಡಿಯವರು ಮುಚ್ಚಳದ ಜಾಲರಿಯಿಂದ ಇಣುಕಿ ನೋಡಿ, ಫ್ಯಾನು ತಿರುಗುತ್ತಿದೆ, ಮದರ್‌ಬೋರ್ಡ್ ವೀಕ್ ಆಗಿರಬೇಕು, ಬದಲಿಸಲು 7,000 ರೂಪಾಯಿ ಎಂದರು. ಕಾಲೇಜಿನ ಫೀಸಿಗೆಂದು ಕೂಡಿಟ್ಟ ದುಡ್ಡಿಗೆ ಕೈಹಾಕಬೇಕಾದ ಮಾತು ಅದು.

ಹುಡುಗಿ ಒಂದು ವಾರದ ಗಡುವು ಕೇಳಿ, ಭೌತಶಾಸ್ತ್ರದ ಪ್ರಾಕ್ಟಿಕಲ್ ರೆಕಾರ್ಡಿನ ಅಭ್ಯಾಸದಂತೆ ರಫ್ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಗೆರೆ ಹಾಕಿದಳು: ದಿನ, ಗಂಟೆ, ಆನ್ ಮಾಡಿ ಎಷ್ಟು ಹೊತ್ತಾಗಿತ್ತು, ಆಗ ಏನು ನಡೆದಿತ್ತು.

ಹೀಗೆ ಬರೆದಿಡುವುದು ಕಂಪ್ಯೂಟರಿನಷ್ಟೇ ಹಳೆಯ ಪದ್ಧತಿ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಯಂತ್ರದ ರಿಲೇ ಒಂದರಲ್ಲಿ ಪತಂಗವೊಂದು ಸಿಕ್ಕಿಬಿದ್ದಿತ್ತು. ಅಲ್ಲಿನವರು ಅದನ್ನು ತೆಗೆದು ಬಿಸಾಡಲಿಲ್ಲ. ದಿನಚರಿ ಪುಸ್ತಕದಲ್ಲಿ ಟೇಪು ಹಚ್ಚಿ ಅಂಟಿಸಿ, ವೇಳೆ ಸಹಿತ ಬರೆದಿಟ್ಟರು. ಆ ಪುಟ ಇಂದಿಗೂ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ.

ಕಂಪ್ಯೂಟರು ತಾನೂ ಒಂದು ದಿನಚರಿ ಇಡುತ್ತದೆ. ವಿಂಡೋಸ್‌ನ ‘ಈವೆಂಟ್ ವ್ಯೂವರ್’ನಲ್ಲಿ ಇಂಥ ಪ್ರತಿ ಘಟನೆಗೂ 41 ಎಂಬ ಸಂಖ್ಯೆಯ ದಾಖಲೆ ಕಂಡಿತು. ಹಿಂದಿನ ಸಲ ಯಂತ್ರ ಕ್ರಮವಾಗಿ ಮುಚ್ಚಲಿಲ್ಲ ಎಂದಷ್ಟೇ ಅದರ ಅರ್ಥ. ದೀಪ ಆರಿದ್ದನ್ನು ಅದು ಹೇಳುತ್ತದೆ, ಆರಿಸಿದವರು ಯಾರೆಂದು ಹೇಳುವುದಿಲ್ಲ.

ಮೊದಲ ಶಂಕಿತ ಮನೆಯ ಕರೆಂಟು. ಓವರ್‌ಲಾಕ್ ಮಿಷನ್ನಿನ ಮೋಟಾರು ಶುರುವಾದಾಗ ವೋಲ್ಟೇಜು ಕುಸಿಯುತ್ತಿರಬಹುದೇ? ಬಲ್ಬು ಮಿಣುಕಲಿಲ್ಲ ಎಂಬುದು ಇಲ್ಲಿ ಸಾಕ್ಷಿಯಾಗದು. ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಸ್‌ನದು. ಒಂದು ಆವರ್ತನಕ್ಕೆ 20 ಮಿಲಿಸೆಕೆಂಡು. ಅಷ್ಟು ಹೊತ್ತು ಕರೆಂಟು ತಪ್ಪಿದರೂ ಕಂಪ್ಯೂಟರಿನ ಎಸ್‌ಎಂಪಿಎಸ್ ಸೋಲಬಹುದು, ನಮ್ಮ ಕಣ್ಣಿಗೆ ಮಾತ್ರ ಏನೂ ತಿಳಿಯದಿರಬಹುದು. ಆದ್ದರಿಂದ ಹುಡುಗಿ ಗೆಳತಿಯ ಮನೆಯಿಂದ ಯುಪಿಎಸ್ ಎರವಲು ತಂದು ಜೋಡಿಸಿದಳು. ಅಂದೂ ಆಫ್ ಆಯಿತು, ಅದೂ ಎರಡು ಮಿಷನ್ನುಗಳೂ ನಿಂತಿದ್ದಾಗ. ಯುಪಿಎಸ್ ವಾಪಸು ಹೋಯಿತು, ಕರೆಂಟು ನಿರಪರಾಧಿಯಾಯಿತು.

ಆ ಹೊತ್ತಿಗೆ ನೋಟ್‌ಬುಕ್ ಮಾತಾಡತೊಡಗಿತ್ತು. ಬೆಳಗಿನ ಏಳು ಗಂಟೆಗೆ ವಿಡಿಯೋ ಹಾಕಿದರೆ 50 ನಿಮಿಷ ನಡೆಯುತ್ತಿತ್ತು, ಮಧ್ಯಾಹ್ನ ಎರಡಕ್ಕೆ 20 ನಿಮಿಷ. ಆಫ್ ಆದ ಕೂಡಲೇ ಮತ್ತೆ ಆನ್ ಮಾಡಿದರೆ 4 ನಿಮಿಷ. ಅರ್ಧ ಗಂಟೆ ಬಿಟ್ಟು ಆನ್ ಮಾಡಿದರೆ ಮತ್ತೆ 20. ಹೊತ್ತು ಕಳೆದರೆ ಚೇತರಿಸಿಕೊಳ್ಳುವ, ಬಿಸಿಲೇರಿದರೆ ಸೋಲುವ ಈ ಕಾಯಿಲೆಗೆ ಒಂದೇ ಹೆಸರು ಹೊಂದುತ್ತಿತ್ತು: ಶಾಖ.

ಪ್ರೊಸೆಸರ್ ಎಷ್ಟು ದುಡಿಯುತ್ತದೋ ಅಷ್ಟು ಕಾಯುತ್ತದೆ. ಪುಟ ಓದುವುದು ಅದಕ್ಕೆ ಹಗುರ ಕೆಲಸ. ಹಳೆಯ ಯಂತ್ರದಲ್ಲಿ ವಿಡಿಯೋ ಬಿಡಿಸಿ ತೋರಿಸುವುದು ಭಾರದ ಕೆಲಸ. ವಿಡಿಯೋ ಪಾಠದ್ದೋ ಸಿನಿಮಾದ್ದೋ ಎಂಬುದು ಅದಕ್ಕೆ ಗೊತ್ತಿಲ್ಲ. ಅನೇಕ ಪ್ರೊಸೆಸರ್‌ಗಳು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಅದಕ್ಕೂ ಬಗ್ಗದೆ ಶಾಖ ಏರಿದರೆ, ಸುಟ್ಟುಹೋಗುವ ಬದಲು ಕರೆಂಟನ್ನೇ ಕಡಿಯುವ ವ್ಯವಸ್ಥೆ ಯಂತ್ರದಲ್ಲಿದೆ. ಆ ಮನೆಯವರು ಕಾಯಿಲೆಯೆಂದು ತಿಳಿದದ್ದು ಯಂತ್ರ ಜೀವ ಉಳಿಸಿಕೊಳ್ಳುತ್ತಿದ್ದ ಬಗೆ.

ಆದರೂ ಊಹೆ ಊಹೆಯೇ. ಹುಡುಗಿ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದು, ಎದುರಿಗೆ ಟೇಬಲ್ ಫ್ಯಾನು ಇಟ್ಟು, ಮಧ್ಯಾಹ್ನ ಅದೇ ವಿಡಿಯೋ ಹಾಕಿದಳು. ಎರಡು ಗಂಟೆ ನಡೆಯಿತು. ಫ್ಯಾನು ತೆಗೆದು ಮುಚ್ಚಳ ಹಾಕಿದಳು. 20 ನಿಮಿಷಕ್ಕೆ ಆಫ್. ತಕ್ಷಣ ಆನ್ ಮಾಡಿ ಬಯೋಸ್ ಪುಟ ತೆರೆದರೆ ಪ್ರೊಸೆಸರ್ ಶಾಖ 91 ಡಿಗ್ರಿ. ಬೆಳಗಿನ ಮೊದಲ ಆನ್‌ನಲ್ಲಿ ಅದೇ ಪುಟ 48 ತೋರಿಸಿತ್ತು.

ಫ್ಯಾನು ತಿರುಗುತ್ತಿದ್ದದ್ದು ನಿಜ. ಕಂಪ್ಯೂಟರು ಆಫ್ ಮಾಡಿ, ಪ್ಲಗ್ಗು ಕಿತ್ತು, ಆ ಫ್ಯಾನನ್ನು ಬಿಚ್ಚಿದಾಗ ಅದರ ಕೆಳಗೆ ಅಲ್ಯೂಮಿನಿಯಂ ಹೀಟ್ ಸಿಂಕಿನ ಸೀಳುಗಳೇ ಕಾಣಲಿಲ್ಲ. ಕಂಬಳಿಯ ತುಂಡಿನಂಥ ಒಂದು ಪದರ ಅವನ್ನು ಮುಚ್ಚಿತ್ತು. ಬಟ್ಟೆಯ ನಾರು, ಓವರ್‌ಲಾಕಿನ ಹತ್ತಿಧೂಳು, ನಡುವೆ ಗಿಳಿಹಸಿರು ದಾರದ ಎಳೆ. ತಂದೆ ಅದನ್ನು ಬೆರಳಲ್ಲಿ ಹಿಡಿದು ನೋಡಿದರು. ಯುಗಾದಿಗೆ ಹೊಲಿದ ರವಿಕೆಗಳ ಬಣ್ಣ ಅವರಿಗೆ ಗೊತ್ತು.

ಆಮೇಲೆ ಅವರು ನೋಟ್‌ಬುಕ್ ತೆಗೆದು ಮೊದಲಿನಿಂದ ಓದಿದರು. ನಾಲ್ಕನೆಯ ಕಾಲಮ್ಮಿನಲ್ಲಿ ಒಂದು ಕಡೆ ‘ರಸಾಯನಶಾಸ್ತ್ರ ಪಾಠ’ ಎಂದಿತ್ತು. ಭಾನುವಾರದ ಎದುರಿಗೆ ‘ಸಿನಿಮಾ ಹಾಡು’ ಎಂದೂ ಇತ್ತು. ಅಪ್ಪನ ಕಣ್ಣಿಗೆ ಬೀಳುತ್ತದೆಂದು ಗೊತ್ತಿದ್ದೂ ಬರೆದ ಸಾಲು ಅದು. ಹಾಡಿಗೂ ಪಾಠಕ್ಕೂ ಯಂತ್ರ ಒಂದೇ ಹೊತ್ತಿಗೆ ಸೋತಿತೆಂದು ಗೊತ್ತಾದದ್ದು ಆ ಸಾಲಿನಿಂದಲೇ.

‘ನನ್ನ ಮಿಷನ್ನಾದ್ರೆ ವಾರಕ್ಕೊಮ್ಮೆ ಬಿಚ್ಚಿ ಎಣ್ಣಿ ಬಿಡ್ತೀನಿ. ಇದನ್ನ ಒಂದಿನಾನೂ ನೋಡ್ಲಿಲ್ಲ’ ಎಂದಷ್ಟೇ ಹೇಳಿ, ಮಿಷನ್ನಿನ ಸಂದಿ ತೆಗೆಯುವ ಸಣ್ಣ ಬ್ರಷ್ಷನ್ನು ತಾವೇ ತಂದರು. ಧೂಳು ತೆಗೆದು, ಪ್ರೊಸೆಸರ್ ಮೇಲೆ ಒಣಗಿದ್ದ ಥರ್ಮಲ್ ಪೇಸ್ಟ್ ಒರೆಸಿ, ಬಟಾಣಿಯಷ್ಟು ಹೊಸದನ್ನು ಹಚ್ಚಿದರು. ಕ್ಯಾಬಿನೆಟ್ಟು ನೆಲದಿಂದ ಮೇಜಿನ ಮೇಲೇರಿತು. 7,000 ರೂಪಾಯಿ ಫೀಸಿಗೇ ಉಳಿಯಿತು.

ಮನೆಯಲ್ಲಿ ಇದನ್ನು ಮಾಡಹೊರಡುವವರಿಗೆ ಎರಡು ಎಚ್ಚರಿಕೆ. ಕ್ಯಾಬಿನೆಟ್ ಮುಟ್ಟುವ ಮೊದಲು ಪ್ಲಗ್ ಕೀಳಬೇಕು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನಂತೂ ಯಾರೂ ಬಿಚ್ಚಬಾರದು. 230 ವೋಲ್ಟಿನ ಎಸಿ ವಿದ್ಯುತ್ತಿನ ಶಿಖರ ಮೌಲ್ಯ ಸುಮಾರು 325 ವೋಲ್ಟ್. ಅದನ್ನು ತುಂಬಿಕೊಂಡ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯಬಲ್ಲದು. ಎಲ್ಲ ಕಂಪ್ಯೂಟರಿನ ದೋಷವೂ ಧೂಳೇ ಆಗಿರುವುದಿಲ್ಲ. ಉಬ್ಬಿದ ಕೆಪಾಸಿಟರ್, ಸಡಿಲ ವೈರು, ಒಳಗೇ ಸಿಕ್ಕಿಕೊಂಡ ಪವರ್ ಬಟನ್, ಸೋತ ಎಸ್‌ಎಂಪಿಎಸ್ ಯಾವುದೂ ಆಗಿರಬಹುದು. ಹುಡುಕುವ ಕ್ರಮ ಮಾತ್ರ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಆದದ್ದನ್ನು ಆದಂತೆಯೇ ಬರೆಯಬೇಕು.

ಹಾಗೆ ಬರೆಯುವುದು ಮಕ್ಕಳ ಕೆಲಸ. ಆದರೆ ನಾಲ್ಕನೆಯ ಕಾಲಮ್ಮಿನಲ್ಲಿ ಅವರು ನಿಜವನ್ನೇ ಬರೆಯಬೇಕಾದರೆ, ಓದಿದವರು ಬೈಯುವುದಿಲ್ಲವೆಂಬ ಧೈರ್ಯ ಅವರಿಗಿರಬೇಕು. ಅದನ್ನು ಕೊಡುವುದು ದೊಡ್ಡವರ ಕೆಲಸ.